ಎರಡೂವರೆ ವರ್ಷದ ಮಗು ಮಾಸ್ಕ್ ಕಿತ್ತೆಸೆಯುತ್ತದೆ, ಏನು ಮಾಡಲಿ?

ಪ್ರಶ್ನೆ: ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ನಾದಿನಿಯ ಮದುವೆ. ಬೆಂಗಳೂರಿನಿಂದ ರೈಲಿನಲ್ಲಿ ಹೋಗಬೇಕು. ಮಗಳಿಗೆ ಎರಡು ವರ್ಷ ಎಂಟು ತಿಂಗಳು. ಎಲ್ಲಿ ನೋಡಿದರೂ ಕೆಮ್ಮು, ನೆಗಡಿ. ಮಾಸ್ಕ್ ಹಾಕಿದ ಹತ್ತು ಸೆಕೆಂಡಿಗೆ ಕಿತ್ತು ನೆಲಕ್ಕೆ ಎಸೆಯುತ್ತಾಳೆ, ಮತ್ತೆ ಹಾಕಲು ಹೋದರೆ ಒಂದೇ ಅಳು. ಮದುವೆ ಮುಗಿದ ಮೇಲೆ ಅಕ್ಕನ ಬಾಣಂತನದ ಮನೆಗೂ ಹೋಗುವುದಿದೆ, ಅಲ್ಲಿ ಒಂದು ತಿಂಗಳ ಕೂಸು. ಮಾಸ್ಕ್ ಅಭ್ಯಾಸ ಮಾಡಿಸುವುದು ಹೇಗೆ?

ಉತ್ತರ: ಅಭ್ಯಾಸ ಮಾಡಿಸಲು ದಾರಿ ಇದೆ, ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ತಲೆಯ ಮೇಲಿನ ಭಾರ ಸ್ವಲ್ಪ ಇಳಿಸಬೇಕು. ಇಷ್ಟು ಚಿಕ್ಕ ಮಗುವಿಗೆ ಮಾಸ್ಕ್ ಹಾಕಿಸಲೇಬೇಕು ಎಂದು ಕೋವಿಡ್ ಕಾಲದಲ್ಲೂ ನಮ್ಮ ದೇಶದಲ್ಲಿ ಸಲಹೆ ಇರಲಿಲ್ಲ. 2021ರ ಜೂನ್‌ನಲ್ಲಿ, ಎರಡನೇ ಅಲೆಯ ಬೆನ್ನಲ್ಲೇ, ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಮಕ್ಕಳಿಗಾಗಿ ಹೊರಡಿಸಿದ ಮಾರ್ಗಸೂಚಿ ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಶಿಫಾರಸು ಮಾಡುವುದಿಲ್ಲ ಎಂದಿತ್ತು. ಆರರಿಂದ ಹನ್ನೊಂದು ವರ್ಷದವರು ಅದನ್ನು ಸರಿಯಾಗಿ ಬಳಸಬಲ್ಲರಾದರೆ ಹೆತ್ತವರ ಕಣ್ಣೆದುರು ಹಾಕಿಕೊಳ್ಳಬಹುದು, ಹನ್ನೆರಡು ದಾಟಿದವರು ದೊಡ್ಡವರಂತೆಯೇ. 2022ರ ಜನವರಿಯಲ್ಲಿ ಮಾರ್ಗಸೂಚಿ ಪರಿಷ್ಕರಿಸಿದಾಗಲೂ ಈ ಮಾತು ಬದಲಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಅಮೆರಿಕದಲ್ಲಿರುವ ನೆಂಟರು ಬೇರೆ ಮಾತು ಹೇಳಿ ನಿಮ್ಮನ್ನು ಗೊಂದಲಕ್ಕೆ ಕೆಡವಿರಬಹುದು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷ ತುಂಬಿದವರಿಗೆ ಮಾಸ್ಕ್ ಆಗಬಹುದು ಎಂದಿತ್ತು. ಯಾರೂ ಸುಳ್ಳು ಹೇಳುತ್ತಿಲ್ಲ. ಮಗು ತಾನೇ ಮಾಸ್ಕ್ ಹಾಕಿ ತೆಗೆಯುವಷ್ಟು ಬಲಿಯುವುದು ಯಾವಾಗ, ಅದನ್ನು ಪದೇ ಪದೇ ಮುಟ್ಟದೆ ಇರಬಲ್ಲದೇ ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ತೂಗಿದ್ದಾರೆ, ಅಷ್ಟೆ. ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಕೂಡದು ಎಂಬಲ್ಲಿ ಮಾತ್ರ ಎರಡೂ ಕಡೆಯವರ ಮಾತು ಒಂದೇ.

ಈ ಗೆರೆ ಯಾಕೆಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಬಟ್ಟೆಯ ಎಳೆಗಳ ನಡುವೆ ಆಮ್ಲಜನಕ ಸಲೀಸಾಗಿ ಹಾದುಹೋಗುತ್ತದೆ. ಅನಿಲದ ಕಣ ಎಂಜಲಿನ ಹನಿಗಿಂತ ಎಷ್ಟೋ ಪಟ್ಟು ಚಿಕ್ಕದು. ಭಯ ಇರುವುದು ಬೇರೆ ಕಡೆ. ಕೂಸು ವಾಂತಿ ಮಾಡಿಕೊಂಡರೆ, ಜೊಲ್ಲಿನಿಂದ ಬಟ್ಟೆ ಒದ್ದೆಯಾಗಿ ಮೂಗಿಗೆ ಅಂಟಿಕೊಂಡರೆ, ನಿದ್ದೆಯಲ್ಲಿ ಮಾಸ್ಕ್ ಸರಿದು ಮೂಗು ಬಾಯಿ ಎರಡನ್ನೂ ಮುಚ್ಚಿದರೆ ಅದು ತಾನಾಗಿ ಕಿತ್ತುಕೊಳ್ಳಲಾರದು, ‘ಅಮ್ಮ, ಉಸಿರು ಕಟ್ತಿದೆ’ ಎಂದು ಹೇಳಲೂ ಆಗದು. ಆ ಲೆಕ್ಕದಲ್ಲಿ ನಿಮ್ಮ ಮಗಳು ಹತ್ತು ಸೆಕೆಂಡಿಗೆ ಮಾಸ್ಕ್ ಕಿತ್ತೆಸೆಯುವುದು ಒಳ್ಳೆಯ ಸುದ್ದಿ. ತೆಗೆಯಲು ಅವಳಿಗೆ ಬರುತ್ತದೆ. ಇನ್ನು ಕಲಿಸಬೇಕಿರುವುದು ಹಾಕಿಕೊಳ್ಳುವುದನ್ನು.

2025ರ ಜನವರಿ ನೆನಪಿದೆಯೇ? ಬೆಂಗಳೂರಿನಲ್ಲಿ ಮೂರು ತಿಂಗಳ ಮತ್ತು ಎಂಟು ತಿಂಗಳ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ನೆಗಡಿ ಕೆಮ್ಮಿನ ವೈರಾಣು ಪತ್ತೆಯಾಗಿ ಟಿವಿಗಳೆಲ್ಲ ಅದನ್ನೇ ಕೂಗಿದವು. ಆ ವೈರಾಣು ಹೊಸದೇನೂ ಅಲ್ಲ, 2001ರಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿ ಗುರುತಿಸಿದ್ದು. ಆದರೂ ಆ ವಾರ ಹೆತ್ತವರ ಬಾಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಮಗುವಿಗೆ ಎಂಥ ಮಾಸ್ಕ್ ತರಲಿ? ಆ ಎರಡು ಕೂಸುಗಳ ವಯಸ್ಸನ್ನು ಇನ್ನೊಮ್ಮೆ ನೋಡಿ. ಮಾಸ್ಕ್ ಹಾಕಲೇಬಾರದ ವಯಸ್ಸು. ಅಂಥ ಮಗುವನ್ನು ಕಾಯಬೇಕಾದ ಮಾಸ್ಕ್ ಇರಬೇಕಾದದ್ದು ಅದನ್ನು ಎತ್ತಿಕೊಳ್ಳುವ ದೊಡ್ಡವರ ಮುಖದ ಮೇಲೆ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ಸಿದ್ಧ, ಏಕೆಂದರೆ ನಮ್ಮ ಮದುವೆ ಮನೆಗಳಲ್ಲಿ ನಡೆಯುವುದು ತಿರುವುಮುರುವು. ಮಗುವಿನ ಮುಖಕ್ಕೆ ಮಾಸ್ಕ್ ಕಟ್ಟಿ, ಕೆಮ್ಮುವ ಮಾವನ ತೊಡೆಯ ಮೇಲೆ ಕೂರಿಸುತ್ತೇವೆ.

ಹಾಗಾದರೆ ನಿಮ್ಮ ಮಗಳಿಗೆ ಮಾಸ್ಕೇ ಬೇಡವೇ? ಅಷ್ಟು ಖಡಾಖಂಡಿತವಾಗಿ ನಾನು ಹೇಳಲಾರೆ. ಎರಡು ದಾಟಿದ, ಆರೋಗ್ಯವಾಗಿರುವ ಮಗು ನಗುತ್ತಾ ಹಾಕಿಕೊಳ್ಳುವುದಾದರೆ ಗಾಳಿಯಾಡದ, ಜನ ಒತ್ತೊತ್ತಾಗಿ ನಿಂತಿರುವ ಕಡೆ ಹತ್ತಿಪ್ಪತ್ತು ನಿಮಿಷ ಅದರಿಂದ ಉಪಯೋಗ ಉಂಟು: ಪ್ಲಾಟ್‌ಫಾರ್ಮಿನ ನೂಕುನುಗ್ಗಲು, ಲಿಫ್ಟು, ಕ್ಲಿನಿಕ್ಕಿನ ಕಾಯುವ ಕೋಣೆ. ಅದರಾಚೆಗೆ ಎಳೆಯಬೇಡಿ. ಉಣ್ಣುವಾಗ, ಓಡಾಡಿ ಆಡುವಾಗ, ನಿದ್ದೆ ಬರುವಾಗ ತೆಗೆದುಬಿಡಿ. ಹೆಗಲ ಮೇಲೆ ತೂಕಡಿಸಲು ಶುರುಮಾಡಿದರೂ ಅಷ್ಟೆ. ಲಾಲ್‌ಬಾಗಿನಂಥ ಬಯಲಿನಲ್ಲಿ, ಸ್ವಂತ ಕಾರಿನಲ್ಲಿ ಅದರ ಅಗತ್ಯವೇ ಇಲ್ಲ.

ಈಗ ಅಭ್ಯಾಸದ ವಿಷಯ. ನನ್ನ ಮಗನಿಗೆ ನಿಮ್ಮ ಮಗಳ ವಯಸ್ಸಿದ್ದದ್ದು 2020ರಲ್ಲಿ. ಹೊರಡುವ ಗಡಿಬಿಡಿಯಲ್ಲಿ, ಚಪ್ಪಲಿ ಹಾಕಿಸಿ, ಬಾಗಿಲಿಗೆ ಬೀಗ ಹಾಕುವ ಮುಂಚೆ ಮುಖಕ್ಕೆ ಮಾಸ್ಕ್ ಸಿಕ್ಕಿಸುತ್ತಿದ್ದೆ. ಅವನು ಕೂಗುತ್ತಿದ್ದ, ನಾನೂ ಕೂಗುತ್ತಿದ್ದೆ. ಅಜ್ಜಿ ‘ಹಾಕ್ಕೋ, ಇಲ್ಲಾಂದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾನೆ’ ಎನ್ನುತ್ತಿದ್ದರು. ಅದರಿಂದ ಅವನು ಮಾಸ್ಕ್ ಹಾಕಿಕೊಳ್ಳಲು ಕಲಿಯಲಿಲ್ಲ, ಖಾಕಿ ಕಂಡರೆ ನನ್ನ ಸೀರೆಯೊಳಗೆ ಮುಖ ಹುದುಗಿಸುವುದನ್ನು ಕಲಿತ. ಗುಮ್ಮ, ಪೊಲೀಸು, ಸೂಜಿ ಚುಚ್ಚುವ ಡಾಕ್ಟರು, ಈ ಮೂವರನ್ನೂ ದಯವಿಟ್ಟು ಮಾಸ್ಕಿನ ಹತ್ತಿರ ತರಬೇಡಿ. ಮುಂದೆ ಲಸಿಕೆಗೆ ಕರೆದುಕೊಂಡು ಹೋದಾಗ ಆ ಭಯವನ್ನೆಲ್ಲ ನೀವೇ ಬಿಡಿಸಬೇಕಾಗುತ್ತದೆ.

ಮದುವೆಗೆ ಇನ್ನೂ ಒಂದು ತಿಂಗಳಿದೆ. ಇವತ್ತೇ ಮನೆಯಲ್ಲಿ ಶುರುಮಾಡಿ, ಎಲ್ಲಿಗೂ ಹೊರಡುವ ಅವಸರ ಇಲ್ಲದ ಹೊತ್ತಿನಲ್ಲಿ, ಹೊಟ್ಟೆ ತುಂಬಿ ಖುಷಿಯಾಗಿರುವಾಗ. ಮೊದಲ ಎರಡು ಮೂರು ದಿನ ಮಾಸ್ಕ್ ಅವಳ ಮುಖಕ್ಕೆ ಹೋಗುವುದೇ ಬೇಡ. ಆಟದ ಸಾಮಾನಿನ ಬುಟ್ಟಿಯಲ್ಲಿ ಹಾಕಿಡಿ. ಅವಳ ಗೊಂಬೆಗೆ, ಕರಡಿಗೆ, ಅಪ್ಪನಿಗೆ ಅವಳ ಕೈಯಿಂದಲೇ ಹಾಕಿಸಿ. ಅಪ್ಪನ ಕಿವಿಗೆ ಬಳ್ಳಿ ಸಿಕ್ಕಿಸುವುದೆಂದರೆ ಈ ವಯಸ್ಸಿನವರಿಗೆ ದೊಡ್ಡ ಕೆಲಸ, ನಾಲಿಗೆ ಹೊರಗೆ ಚಾಚಿಕೊಂಡು ಮಾಡುತ್ತಾರೆ. ಆಮೇಲೆ ನೀವು ಕನ್ನಡಿ ಮುಂದೆ ಕೂತು ಹಾಕಿಕೊಳ್ಳಿ. ಇಲ್ಲೊಂದು ಸೂಕ್ಷ್ಮವಿದೆ: ಎರಡು ವರ್ಷದ ಮಗು ನಮ್ಮ ಬಾಯಿ ನೋಡಿ ನಮ್ಮ ಮನಸ್ಸು ಓದುತ್ತದೆ. ಬಾಯಿ ಮರೆಯಾದರೆ ಅಮ್ಮ ನಗುತ್ತಿದ್ದಾಳೋ ಬೈಯುತ್ತಿದ್ದಾಳೋ ಗೊತ್ತಾಗದೆ ಕಂಗಾಲಾಗುತ್ತದೆ. ಹಾಗಾಗಿ ಮೊದಲು ನಗುವ ಮುಖ ತೋರಿಸಿ, ಮಾಸ್ಕ್ ಏರಿಸಿ, ‘ಅಮ್ಮನ ಬಾಯಿ ಎಲ್ಲಿ ಹೋಯ್ತು?’ ಎಂದು ಕೇಳಿ, ಕೆಳಗಿಳಿಸಿ ‘ಇಲ್ಲೇ ಇದೆ!’ ಅನ್ನಿ. ಕೈಯಿಂದ ಮುಖ ಮುಚ್ಚಿ ತೆರೆಯುವ ಆಟ ಅವಳಿಗೆ ಕೂಸಾಗಿದ್ದಾಗಿನಿಂದ ಗೊತ್ತಿರುವುದೇ. ನಾಲ್ಕು ಸಲ ಆಡಿದರೆ ಐದನೆಯ ಸಲ ‘ನಂಗೆ’ ಎಂದು ಅವಳೇ ಕೈ ಚಾಚುವ ಸಾಧ್ಯತೆ ಹೆಚ್ಚು. ಚಾಚದಿದ್ದರೆ ನಾಳೆ ನೋಡೋಣ.

ಮೊದಲ ಸಲ ಐದು ಎಣಿಸುವಷ್ಟು ಹೊತ್ತು, ನೀವೇ ತೆಗೆಯಿರಿ. ಅವಳು ಕೀಳುವ ಮೊದಲು ನೀವು ತೆಗೆಯುವುದು ಮುಖ್ಯ. ಆಗ ‘ಅಮ್ಮ ತೆಗೆಯುತ್ತಾಳೆ’ ಎಂಬ ನಂಬಿಕೆ ಹುಟ್ಟುತ್ತದೆ. ಮಾರನೆಯ ದಿನ ಹತ್ತರವರೆಗೆ ಎಣಿಸಿ. ಆಮೇಲೆ ಒಂದು ಶಿಶುಗೀತೆ ಮುಗಿಯುವವರೆಗೆ. ಆಮೇಲೆ ಬೀದಿಕೊನೆಯ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತರುವವರೆಗೆ. ಎಷ್ಟು ದಿನಕ್ಕೆ ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿಲ್ಲ, ಮಗುವಿನಿಂದ ಮಗುವಿಗೆ ಬೇರೆ.

ಎಲ್ಲದಕ್ಕೂ ‘ಬೇಡ’ ಎನ್ನುವ ವಯಸ್ಸು ಇದು. ‘ಮಾಸ್ಕ್ ಹಾಕ್ಕೋತೀಯಾ ಪುಟ್ಟಿ?’ ಎಂದು ಕೇಳಿದರೆ ಉತ್ತರ ನಿಮಗೇ ಗೊತ್ತು. ‘ನೀಲಿದಾ, ಹಳದಿದಾ?’ ಎಂದು ಕೇಳಿ. ಎರಡರಲ್ಲಿ ಒಂದನ್ನು ಆರಿಸುವ ಅಧಿಕಾರ ಸಿಕ್ಕರೆ ಅವಳಿಗೆ ಅಷ್ಟು ಸಾಕು. ಕಿತ್ತೆಸೆದಾಗ ಮುಖ ಸಿಂಡರಿಸಬೇಡಿ, ನಗಲೂಬೇಡಿ. ನಕ್ಕರೆ ಎಸೆಯುವುದೇ ಆಟವಾಗುತ್ತದೆ. ಸುಮ್ಮನೆ ಹೆಕ್ಕಿ ಚೀಲಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆಯಿರಿ. ಎರಡು ಸಲ ಬೇಡವೆಂದರೆ ಆ ದಿನಕ್ಕೆ ಬಿಟ್ಟುಬಿಡಿ. ಕೈ ಹಿಡಿದು ಬಲವಂತವಾಗಿ ಕಟ್ಟುವುದು ಬೇಡವೇ ಬೇಡ. ಅಳುವ ಮಗುವಿನ ಮೂಗು ಸುರಿಯುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಉಸಿರಾಡುವುದು ಕಷ್ಟ. ಚಾಕಲೇಟಿನ ಆಸೆ ತೋರಿಸಿದರೆ ಅದನ್ನು ತಿನ್ನಲು ಮಾಸ್ಕ್ ತೆಗೆಯಲೇಬೇಕಲ್ಲ.

ಬಹಳ ಸಲ ತಪ್ಪು ಮಗುವಿನದಲ್ಲ, ಮಾಸ್ಕಿನದು. ದೊಡ್ಡವರ ಸಾಧಾರಣ ಸರ್ಜಿಕಲ್ ಮಾಸ್ಕ್ ಸುಮಾರು 17.5 ಸೆಂಟಿಮೀಟರ್ ಅಗಲ. ಮಕ್ಕಳದ್ದೆಂದು ಮಾರುವುದು ಸುಮಾರು 14.5, ಅದೂ ಶಾಲೆಗೆ ಹೋಗುವವರ ಅಳತೆ. ಎರಡೂವರೆ ವರ್ಷದ ಮುಖಕ್ಕೆ ಅದು ಕಣ್ಣಿಗೆ ಚುಚ್ಚುತ್ತದೆ, ಇಲ್ಲವೇ ಗಲ್ಲದಿಂದ ಜಾರುತ್ತದೆ. ಕಿವಿಯ ಬಳ್ಳಿಯನ್ನು ಮಾಸ್ಕಿನ ಅಂಚಿನ ಹತ್ತಿರ ಗಂಟು ಹಾಕಿ, ಪಕ್ಕದಲ್ಲಿ ಉಬ್ಬುವ ಬಟ್ಟೆಯನ್ನು ಒಳಕ್ಕೆ ಮಡಚಿದರೆ ಸಾಕಷ್ಟು ಕೂರುತ್ತದೆ. ಹೊಲಿಗೆ ಬರುವ ಅಜ್ಜಿ ಮನೆಯಲ್ಲಿದ್ದರೆ ಹಳೆಯ ಹತ್ತಿ ಬಟ್ಟೆಯಲ್ಲಿ ಅವಳ ಅಳತೆಗೇ ಹೊಲಿಸಿ. ಮೆತ್ತಗಿನ, ತೊಳೆದು ತೊಳೆದು ನಯವಾದ ಬಟ್ಟೆಗೆ ಮಕ್ಕಳು ಅಷ್ಟಾಗಿ ಮುನಿಯುವುದಿಲ್ಲ. ಕುತ್ತಿಗೆಗೆ ನೇತುಹಾಕುವ ದಾರ ಮಾತ್ರ ಬೇಡ, ಆಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಉರುಳಾಗುತ್ತದೆ. ಮಣಿ, ಗುಂಡಿ ಹೊಲಿದಿದ್ದರೆ ಬಿಚ್ಚಿಬಿಡಿ, ಬಾಯಿಗೆ ಹೋಗುತ್ತದೆ. ಎನ್95 ಇಷ್ಟು ಚಿಕ್ಕವರ ಮುಖಕ್ಕೆ ಮಾಡಿದ್ದಲ್ಲ. ಮುಖದ ಮುಂದೆ ಇಳಿಬಿಡುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ (ಫೇಸ್ ಶೀಲ್ಡ್) ಮಾಸ್ಕಿಗೆ ಬದಲಿಯಲ್ಲ, ಗಾಳಿ ಸುತ್ತಲಿನಿಂದಲೂ ಒಳಬರುತ್ತದೆ. ಜೊಲ್ಲು ಸುರಿಸುವ ವಯಸ್ಸಾದ್ದರಿಂದ ನಾಲ್ಕೈದು ಮಾಸ್ಕ್ ಚೀಲದಲ್ಲಿರಲಿ, ಒದ್ದೆಯಾದದ್ದಕ್ಕೆ ಬೇರೆ ಕವರು. ಮನೆಗೆ ಬಂದು ಸೋಪಿನಲ್ಲಿ ಒಗೆದು ಬಿಸಿಲಿಗೆ ಹರವಿ.

ಕೆಲವು ಮಕ್ಕಳ ವಿಷಯ ಬೇರೆಯೇ. ಆಟಿಸಂ ಇರುವ, ಮುಖಕ್ಕೆ ಏನು ತಾಗಿದರೂ ತಾಳಲಾರದ ಮಗುವಿಗೆ ಇದನ್ನು ಹೇರಬಾರದು. ಉಸಿರಾಟದ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಹಾಕಿಸಬೇಡಿ. ಇನ್ನೊಂದು ತುದಿಯಲ್ಲಿ, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವಂಥ, ರೋಗನಿರೋಧಕ ಶಕ್ತಿ ಕುಗ್ಗಿದ ಮಕ್ಕಳಿಗೆ ವೈದ್ಯರೇ ಮಾಸ್ಕ್ ಹಾಕಿಸಲು ಹೇಳುತ್ತಾರೆ. ಅಂಥ ಮನೆಯವರು ಮೇಲಿನ ಆಟಗಳನ್ನು ಇನ್ನಷ್ಟು ತಾಳ್ಮೆಯಿಂದ ಆಡಬೇಕು. ಇಂಥ ಮಗು ಎದುರು ಸಿಕ್ಕರೆ ‘ಪಾಪ, ಯಾಕೆ ಇಷ್ಟು ಚಿಕ್ಕದಕ್ಕೆ ಕಟ್ಟಿದೀರಾ’ ಎಂದು ನಾವು ಕೇಳದಿರುವುದೇ ಅವರಿಗೆ ಉಪಕಾರ.

ಇನ್ನು ನಿಮ್ಮ ಪ್ರಯಾಣ. ಹೊರಡುವ ಮುಂಚೆ ಮಕ್ಕಳ ವೈದ್ಯರನ್ನು ಕಂಡು ಫ್ಲೂ ಲಸಿಕೆಯ ಬಗ್ಗೆ ಕೇಳಿ. ಆರು ತಿಂಗಳಿನಿಂದ ಐದು ವರ್ಷದವರೆಗೆ ವರ್ಷಕ್ಕೊಮ್ಮೆ ಕೊಡಿಸಲು ಭಾರತೀಯ ಮಕ್ಕಳ ವೈದ್ಯರ ಸಂಘ ಸಲಹೆ ಮಾಡುತ್ತದೆ. ಈವರೆಗೆ ಕೊಡಿಸಿಲ್ಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕಾಗುತ್ತದೆ, ಹಾಗಾಗಿ ಈ ವಾರವೇ ಹೋಗಿ. ರೈಲು ಹತ್ತುವಾಗ, ಇಳಿಯುವಾಗ ಅವಳಿಗೆ ಹಳದಿಯದೋ ನೀಲಿಯದೋ ಮಾಸ್ಕ್. ಸೀಟಿನಲ್ಲಿ ಕೂತ ಮೇಲೆ ಬೇಡ. ಕಿಟಕಿ ತೆರೆಯುವ ಬೋಗಿಯಾದರೆ ಬೀಸುವ ಗಾಳಿ ಮಾಸ್ಕಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಪಕ್ಕದಲ್ಲಿ ಯಾರಾದರೂ ಕೆಮ್ಮುತ್ತಿದ್ದರೆ ನೀವಿಬ್ಬರೂ ಮಾಸ್ಕ್ ಏರಿಸಿ, ಅವಳನ್ನು ಆಚೆ ಬದಿಗೆ ಕೂರಿಸಿ. ಛತ್ರದಲ್ಲಿ ಮುಹೂರ್ತದ ನೂಕಿನ ಹೊತ್ತಿಗೆ ಅವಳೊಂದಿಗೆ ಅಂಗಳದಲ್ಲಿರಿ, ಜನ ಕರಗಿದ ಮೇಲೆ ಅಕ್ಷತೆ ಹಾಕಿಸಿ. ಕೆನ್ನೆಗೆ ಮುತ್ತಿಡಲು ಬರುವ ನೆಂಟರಿಗೆ ‘ಕೈ ಮುಗಿ ಪುಟ್ಟಿ’ ಎಂದು ಅವಳಿಂದಲೇ ನಮಸ್ಕಾರ ಮಾಡಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಉಳಿದದ್ದು ಬಾಣಂತಿಯ ಕೋಣೆ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಚಿಂತೆ ಹಚ್ಚಿದ್ದು ಅದು. ನಿಮ್ಮ ಮಗಳಿಗೆ ನಾಲ್ಕು ದಿನದ ನೆಗಡಿಯಾಗಿ ಹೋಗುವ ವೈರಾಣು ಒಂದು ತಿಂಗಳ ಕೂಸಿಗೆ ಉಬ್ಬಸವಾಗಿ, ಆಸ್ಪತ್ರೆ ಸೇರಿಸುವಂತಾಗಬಹುದು. ಮದುವೆಯಲ್ಲಿ ನೂರಾರು ಜನರ ನಡುವೆ ಇದ್ದು ಮಾರನೆಯ ದಿನವೇ ಅಲ್ಲಿಗೆ ಹೋಗಬೇಡಿ. ಮೂರು ನಾಲ್ಕು ದಿನ ಬಿಟ್ಟು, ನಿಮ್ಮಲ್ಲಿ ಯಾರಿಗೂ ಮೂಗು ಸೋರುತ್ತಿಲ್ಲ, ಗಂಟಲು ಕೆರೆಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹೋಗಿ. ಅಷ್ಟು ದಿನ ಹುಬ್ಬಳ್ಳಿಯಲ್ಲಿ ಉಳಿಯಲಾಗದಿದ್ದರೆ ಈ ಸಲ ಬಿಡಿ, ಫೋನಿನಲ್ಲಿ ಮುಖ ನೋಡಿ, ಮೂರು ತಿಂಗಳು ಕಳೆದ ಮೇಲೆ ಹೋಗಿ ಎತ್ತಿಕೊಳ್ಳಿ. ನಮ್ಮ ಹಿರಿಯರು ಬಾಣಂತಿಯ ಕೋಣೆಗೆ ಕಂಡಕಂಡವರನ್ನು ಬಿಡುತ್ತಿರಲಿಲ್ಲ, ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕಿತ್ತು. ಅದನ್ನು ಅಕ್ಕನಿಗೆ ನೆನಪಿಸಿದರೆ ಅವರು ನಿಮ್ಮನ್ನು ತಪ್ಪು ತಿಳಿಯಲಾರರು. ಹೋದಾಗ ಮಾಸ್ಕ್ ನೀವು ಹಾಕಿಕೊಳ್ಳಿ. ಮಗಳ ಕೈ ಸೋಪು ಹಚ್ಚಿ ಇಪ್ಪತ್ತು ಎಣಿಸುವವರೆಗೆ ತೊಳೆಸಿ, ಕೂಸಿನ ಕೆನ್ನೆಯ ಬದಲು ಪಾದ ಮುಟ್ಟಿ ಮಾತಾಡಿಸಲು ಹೇಳಿಕೊಡಿ. ಪುಟ್ಟ ಪಾದ ಕಂಡರೆ ಆ ವಯಸ್ಸಿನವರಿಗೆ ಮುಖಕ್ಕಿಂತ ಹೆಚ್ಚು ಖುಷಿ.