ಯೆಜ್ಡಿ ಫ್ರೇಮ್‌ಗೆ ಕೈಬಣ್ಣ: ಬ್ರಷ್ ಎತ್ತುವುದು ಯಾವಾಗ?

ಹಳೆ ಯೆಜ್ಡಿ ಬೈಕು ಬಿಚ್ಚಿ ಹಾಕಿಕೊಂಡವರು ನನ್ನನ್ನು ಕೇಳುವುದು ಒಂದೇ ಮಾತು. "ಸ್ಪ್ರೇ ಗನ್ ಇಲ್ಲ, ಕಂಪ್ರೆಸರ್ ಇಲ್ಲ. ಬ್ರಷ್‌ನಲ್ಲಿ ಹಚ್ಚಿದ್ರೆ ಗೆರೆ ಬೀಳಲ್ವಾ?" ಬೀಳಲೇಬೇಕು ಅಂತೇನಿಲ್ಲ. ಸರಿಯಾದ ಬಣ್ಣ ತಗೊಂಡು, ಹಚ್ಚಿದ ಮೇಲೆ ಕೈ ಸುಮ್ಮನಿಟ್ಟುಕೊಂಡರೆ ಸಾಕು. ಎರಡನೆಯದೇ ಕಷ್ಟ.

ಬಣ್ಣ ಅಂದರೆ ಸಿಂಥೆಟಿಕ್ ಎನಾಮಲ್. ಗ್ಯಾರೇಜಿನಲ್ಲಿ ಗನ್‌ನಿಂದ ಹೊಡೆಯುವ, ಬೇಗ ಒಣಗುವ ಡ್ಯೂಕೋ ಬಣ್ಣ ಬೇಡ. ಡ್ಯೂಕೋದಲ್ಲಿರುವ ಥಿನ್ನರ್ ನೋಡನೋಡುತ್ತಲೇ ಹಾರಿಹೋಗುತ್ತದೆ, ಬ್ರಷ್ ಎಳೆದ ಗೆರೆ ಹಾಗೇ ಉಳಿಯುತ್ತದೆ. ಅಮೆರಿಕದಲ್ಲಿ 1924ರ ಓಕ್ಲೆಂಡ್ ಕಾರುಗಳಿಗೆ ಜನರಲ್ ಮೋಟರ್ಸ್ ಡ್ಯೂಕೋ ತಂದಿದ್ದೇ ಬೇಗ ಒಣಗಲಿ ಅಂತ. ಕೈಬಣ್ಣಕ್ಕೆ ಬೇಕಾದ್ದು ಅದರ ಉಲ್ಟಾ. ಎನಾಮಲ್ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಆ ಬಿಡುವಿನಲ್ಲಿ ಗೆರೆಗಳು ತಾವೇ ಹರಿದು ಕೂಡಿಕೊಳ್ಳುತ್ತವೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಾಗಾಗಿ ನಿಮ್ಮ ಹಳೆ ಫ್ರೇಮ್ ಮೇಲೆ ದಶಕಗಳ ಗ್ರೀಸು, ತುಕ್ಕು ಎರಡೂ ಇರುತ್ತವೆ. ಉಜ್ಜುವ ಮೊದಲೇ ಗ್ರೀಸ್ ತೆಗೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದು, ಆಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಕೂರುತ್ತದೆ, ಮೇಲೆ ಹಚ್ಚಿದ ಬಣ್ಣ ಅಲ್ಲಲ್ಲಿ ದೂರ ಸರಿದು ಗುಳಿ ಬೀಳುತ್ತದೆ. ಆಮೇಲೆ 120, 220ರ ಎಮೆರಿ ಪೇಪರ್ (ಅಂಕಿ ಹೆಚ್ಚಿದಷ್ಟೂ ನಯ), ಪ್ರೈಮರ್, ಕುಳಿ ಇದ್ದಲ್ಲಿ ತೆಳುವಾಗಿ ಪುಟ್ಟಿ, 400ರ ವಾಟರ್ ಪೇಪರ್. ನೀರು ಪೂರ್ತಿ ಆರಲಿ. ಚಾಸಿ ನಂಬರ್ ಇರುವ ಕಡೆ ಎಮೆರಿ ಆಡಿಸಬೇಡಿ, ಪುಟ್ಟಿಯನ್ನಂತೂ ಮುಟ್ಟಿಸಲೇಬೇಡಿ. ಆರ್‌ಟಿಒದಲ್ಲಿ ಆ ಅಂಕಿ ಓದಲಾಗದಿದ್ದರೆ ನಿಮ್ಮ ಹೊಳಪನ್ನು ಯಾರೂ ಕೇಳಲ್ಲ. ಥ್ರೆಡ್, ಬೇರಿಂಗ್ ಕಪ್, ಅರ್ಥ್ ವೈರ್ ಕೂರುವ ಜಾಗಕ್ಕೆ ಟೇಪ್ ಹಾಕಿ.

ಇನ್ನು ಬಣ್ಣ. ಡಬ್ಬಿಯಿಂದ ನೇರವಾಗಿ ಹಚ್ಚಿದರೆ ದಪ್ಪ. ಟರ್ಪೆಂಟೈನ್ ಸ್ವಲ್ಪ ಸ್ವಲ್ಪವೇ ಬೆರೆಸಿ, ಬ್ರಷ್‌ನಿಂದ ತಡೆಯಿಲ್ಲದೆ ಇಳಿಯುವ ಹದಕ್ಕೆ ತನ್ನಿ. ಹಳೆ ನೈಲಾನ್ ಬಟ್ಟೆಯಲ್ಲಿ ಸೋಸಿ. ಮೆತ್ತನೆ ಕೂದಲಿನ ಒಂದಿಂಚಿನ ಬ್ರಷ್ ಸಾಕು, ಕೂದಲಿನ ಮೂರನೇ ಒಂದು ಭಾಗ ಮಾತ್ರ ಅದ್ದಿ.

ಫ್ರೇಮ್ ಅಂದರೆ ಪೈಪು. ಬಣ್ಣ ನಿಲ್ಲುವುದಕ್ಕೆ ಚಪ್ಪಟೆ ಜಾಗವೇ ಇಲ್ಲ. ಹ್ಯಾಂಡಲ್ ಕೂರುವ ಹೆಡ್ ಪೈಪಿನಲ್ಲಿ ತಂತಿ ಹಾಕಿ ನೇತು ಹಾಕಿದರೆ ಸುತ್ತಲೂ ಕೈ ಹೋಗುತ್ತದೆ. ಮೊದಲು ವೆಲ್ಡಿಂಗ್ ಸಂದು, ಮೂಲೆಗಳನ್ನು ಮುಗಿಸಿ. ಆಮೇಲೆ ಒಂದೊಂದೇ ಪೈಪು: ಗೇಣುದ್ದ ಅಡ್ಡಡ್ಡ ಹರಡಿ, ತಕ್ಷಣ ಬ್ರಷ್‌ನ ತುದಿ ಮಾತ್ರ ತಾಗುವಂತೆ ಉದ್ದಕ್ಕೆ ಒಮ್ಮೆ ಎಳೆಯಿರಿ. ಮುಗೀತು, ಬ್ರಷ್ ಎತ್ತಿ. ಗೆರೆ ಕಂಡರೂ ಬಿಡಿ. ಹಾಲಿನ ಕೆನೆಯಂತೆ ಮೇಲ್ಪದರ ಕಟ್ಟಲು ಶುರುವಾದ ಮೇಲೆ ಬ್ರಷ್ ಆಡಿಸಿದರೆ ಆ ಗೆರೆ ಮತ್ತೆ ಕೂಡಲ್ಲ. ನನ್ನ ಹತ್ತಿರ ಬರುವ ಕೆಟ್ಟ ಕೆಲಸದಲ್ಲಿ ಜಾಸ್ತಿ ಕೆಟ್ಟಿರುವುದು ಇಲ್ಲೇ, ಅಗ್ಗದ ಬಣ್ಣದಿಂದಲ್ಲ.

ಒಂದಕ್ಕೆ ಮಾತ್ರ ವಿನಾಯಿತಿ. ಹತ್ತು ನಿಮಿಷದೊಳಗೆ ಪೈಪಿನ ತಳ ನೋಡಿ, ಅಲ್ಲಿ ಹನಿ ತೂಗುತ್ತಿದ್ದರೆ ಒಣ ಬ್ರಷ್‌ನ ತುದಿಯಲ್ಲಿ ಎತ್ತಿಕೊಳ್ಳಿ.

ಮಳೆ ಹಿಡಿದ ದಿನ ಬೇಡ, ಹೊಳಪು ಮಂಕಾಗುತ್ತದೆ. ಉರಿಬಿಸಿಲೂ ಬೇಡ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳಲ್ಲ.

ಒಂದೇ ಸಲ ದಪ್ಪ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಸುಕ್ಕುಗಟ್ಟುತ್ತದೆ. ತೆಳುವಾಗಿ ಎರಡು ಮೂರು ಕೋಟ್ ಇರಲಿ. ನಡುವೆ ಒಂದು ದಿನವಾದರೂ ಬಿಟ್ಟು, 600ರ ಪೇಪರ್‌ನಲ್ಲಿ ನೀರು ಹಾಕಿ ಹಗುರಾಗಿ ಉಜ್ಜಿ. ಕೊನೆ ಕೋಟ್ ಉಜ್ಜಬೇಡಿ.

ಪೌಡರ್ ಕೋಟಿಂಗ್ ಇದಕ್ಕಿಂತ ಗಟ್ಟಿ, ನಿಜ. ಆದರೆ ಅದು ಒಂದು ಕಡೆ ಎದ್ದರೆ ಅಡಿಯಲ್ಲೇ ತುಕ್ಕು ಹರಡುತ್ತದೆ, ಮನೆಯಲ್ಲಿ ಸರಿಮಾಡಲಾಗದು. ಎನಾಮಲ್ ಕಿತ್ತರೆ ಅಷ್ಟು ಜಾಗ ಉಜ್ಜಿ ಮತ್ತೆ ಹಚ್ಚಬಹುದು. ಪೆಟ್ರೋಲ್ ಮಾತ್ರ ಇದಕ್ಕೆ ಆಗಲ್ಲ. ಟ್ಯಾಂಕ್ ಕಾಕ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಎಂಜಿನ್ ಕೂರಿಸಲು ಒಂದು ವಾರವಾದರೂ ಕಾಯಿರಿ. ಮುಟ್ಟಿದರೆ ಅಂಟಲ್ಲ ಅಂತ ಮೂರನೇ ದಿನವೇ ಬೋಲ್ಟ್ ಬಿಗಿದರೆ, ವಾಷರ್ ಜೊತೆ ಬಣ್ಣವೂ ತಿರುಗಿಕೊಂಡು ಎದ್ದು ಬರುತ್ತದೆ.