ಶಿಮ್ಲಾದಿಂದ ಲೇಹ್‌ವರೆಗೆ: ಲಡಾಖ್ ಗಡಿಯ ಸೇನಾ ವ್ಯವಸ್ಥೆ ಬೆಳೆದುಬಂದ ಬಗೆ

ಲಡಾಖಿನ ಗಡಿಯನ್ನು ಇಂದು ಕಾಯುತ್ತಿರುವುದು ಭೂಸೇನೆಯ ಉತ್ತರ ಕಮಾಂಡ್. ಅದರ ಪ್ರಧಾನ ಕಚೇರಿ ಜಮ್ಮುವಿನ ಉಧಂಪುರದಲ್ಲಿದೆ. ಅದರ ಅಧೀನದಲ್ಲಿರುವ 14ನೇ ಕೋರ್ ಲೇಹ್‌ನಲ್ಲಿ ನೆಲೆಸಿದೆ. ಕೋರ್‌ನ ಕೆಳಗೆ ಡಿವಿಷನ್‌ಗಳು, ಅವುಗಳ ಕೆಳಗೆ ಬ್ರಿಗೇಡ್‌ಗಳು, ಮತ್ತೂ ಕೆಳಗೆ ಬೆಟಾಲಿಯನ್‌ಗಳು. ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುವ ಈ ಏಣಿಯನ್ನು ಯಾರೂ ಒಂದೇ ಸಲಕ್ಕೆ ಕೂತು ಯೋಜಿಸಿದ್ದಲ್ಲ; ಅದರ ಬಹುಪಾಲು ಮೆಟ್ಟಿಲುಗಳು ಒಂದೊಂದು ಪೆಟ್ಟು ಬಿದ್ದ ಮೇಲೆ ಸೇರಿಕೊಂಡವು.

1948ರ ಆರಂಭದಲ್ಲಿ ಲೇಹ್‌ನ ರಕ್ಷಣೆಗೆ ಸೇನೆಯೆಂದು ಕರೆಯಬಹುದಾದದ್ದು ಅಲ್ಲಿ ಹೆಚ್ಚೇನೂ ಇರಲಿಲ್ಲ. ಡೋಗ್ರಾ ರೆಜಿಮೆಂಟಿನ ಪೃಥಿ ಚಂದ್ ಸುಮಾರು ನಲವತ್ತು ಮಂದಿಯೊಂದಿಗೆ ಕಾಶ್ಮೀರ ಮತ್ತು ಲಡಾಖ್ ನಡುವಿನ ಹಿಮ ಮುಚ್ಚಿದ ಜೋಜಿ ಲಾ ಘಟ್ಟದಾರಿ ದಾಟಿ ಬಂದು ಸ್ಥಳೀಯ ಯುವಕರನ್ನು ಕಟ್ಟಿಕೊಂಡು ಪಾಕಿಸ್ತಾನದ ಕಡೆಯ ದಾಳಿಕೋರರಿಂದ ಊರು ಉಳಿಸಲು ನಿಂತರು. ಆಗ ಇಡೀ ಕಾಶ್ಮೀರದ ಹೊಣೆ ಹೊತ್ತಿದ್ದ ಪಶ್ಚಿಮ ಕಮಾಂಡ್‌ನ ಮುಖ್ಯಸ್ಥರು ಕೆ.ಎಂ. ಕಾರ್ಯಪ್ಪ, ಅವರ ಕೈಕೆಳಗೆ ಶ್ರೀನಗರದ ಡಿವಿಷನ್ ನಡೆಸುತ್ತಿದ್ದವರು ಕೆ.ಎಸ್. ತಿಮ್ಮಯ್ಯ. ಇಬ್ಬರೂ ಕೊಡಗಿನವರೆಂಬುದನ್ನು ನಮ್ಮಲ್ಲಿ ಹೆಮ್ಮೆಯಿಂದ ನೆನೆಯುತ್ತೇವಾದರೂ, ಅವರು ಎದುರಿಸಿದ ಸಮಸ್ಯೆ ಏನೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಆಜ್ಞೆ ಕೊಡುವವರು ಜೋಜಿ ಲಾದ ಈಚೆಗಿದ್ದರು, ಕಾಯಬೇಕಾದ ನೆಲ ಆಚೆಗಿತ್ತು. ಮೇ 24ರಂದು ಏರ್ ಕಮೋಡರ್ ಮೆಹರ್ ಸಿಂಗ್ ಹಾರಿಸಿದ ಡಕೋಟಾ ವಿಮಾನದಲ್ಲಿ ತಿಮ್ಮಯ್ಯ ಕೂಡ ಕೂತು, ಎಂಜಿನಿಯರ್ ಸೋನಂ ನೊರ್ಬು ಆತುರಾತುರವಾಗಿ ಸಿದ್ಧಪಡಿಸಿದ್ದ ಲೇಹ್‌ನ ಮಣ್ಣಿನ ರನ್‌ವೇಯಲ್ಲಿ ಇಳಿದರು. ನವೆಂಬರ್ 1ರಂದು ಸ್ಟುವರ್ಟ್ ಟ್ಯಾಂಕುಗಳನ್ನು ಜೋಜಿ ಲಾ ಹತ್ತಿಸಿದಾಗ ದಾರಿ ತೆರೆಯಿತು. ಆದರೆ ಯುದ್ಧ ಮುಗಿದ ಮೇಲೆ ಲಡಾಖ್ ಮತ್ತೆ ದೂರದ ಊರಾಯಿತು.

ಚೀನಾ ಅಕ್ಸಾಯ್ ಚಿನ್ ಮೂಲಕ ರಸ್ತೆ ಹಾಯಿಸಿ 1957ರಲ್ಲಿ ಮುಗಿಸಿದಾಗಲೂ ಅತ್ತ ಗಸ್ತು ತಿರುಗುತ್ತಿದ್ದವರು ಮುಖ್ಯವಾಗಿ ಪೊಲೀಸರೇ. 1959ರ ಅಕ್ಟೋಬರ್ 21ರಂದು ಹಾಟ್ ಸ್ಪ್ರಿಂಗ್ಸ್ ಬಳಿ ಚೀನೀ ಪಡೆಗಳ ಗುಂಡಿಗೆ ಪೊಲೀಸರು ಬಲಿಯಾದ ನಂತರವೇ ಈ ಗಡಿ ಸೇನೆಯ ಸುಪರ್ದಿಗೆ ಬಂತು. (ದೇಶದಾದ್ಯಂತ ಆಚರಿಸುವ ಪೊಲೀಸ್ ಹುತಾತ್ಮರ ದಿನ ಅದೇ ಘಟನೆಯ ನೆನಪು.) ಆದರೂ 1962ರಲ್ಲಿ ಕಾರಾಕೋರಂ ಘಟ್ಟದಾರಿಯಿಂದ ದೆಮ್‌ಚೋಕ್‌ವರೆಗಿನ ಉದ್ದಕ್ಕೂ ಇದ್ದದ್ದು 114ನೇ ಬ್ರಿಗೇಡ್ ಒಂದೇ. ಡಿವಿಷನ್‌ನಷ್ಟು ಪಡೆ ಬೇಕೆಂದು ಶಿಮ್ಲಾದಲ್ಲಿದ್ದ ಪಶ್ಚಿಮ ಕಮಾಂಡ್ ದೆಹಲಿಯನ್ನು ಕೇಳಿತ್ತು, ಸಿಕ್ಕಿರಲಿಲ್ಲ. ಚೀನಾದೊಂದಿಗೆ ಯುದ್ಧ ಶುರುವಾಗಿ ಆರು ದಿನಗಳ ಮೇಲೆ, ಅಕ್ಟೋಬರ್ 26ರಂದು, ಲೇಹ್‌ನಲ್ಲಿ 3ನೇ ಡಿವಿಷನ್ ಹುಟ್ಟಿತು. ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ನೇತೃತ್ವದ ಕುಮಾವೂಂ ಕಂಪನಿ ಬಹುತೇಕ ಪೂರ್ತಿ ಮಡಿಯಿತು; ಚುಶೂಲ್ ಉಳಿಯಿತು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಹುಟ್ಟಿದ ಒಂದು ಡಿವಿಷನ್ ಮೂರು ವಾರಗಳಲ್ಲಿ ಎಷ್ಟು ಮಾಡೀತು ಎಂದು ಕೇಳಿದರೆ ಅದು ಕಠೋರ ಪ್ರಶ್ನೆಯಾದೀತು, ಅನ್ಯಾಯದ್ದಲ್ಲ. ಮರುವರ್ಷ ಸ್ಥಳೀಯ ಮಿಲಿಷಿಯಾ ತುಕಡಿಗಳಿಂದ ಲಡಾಖ್ ಸ್ಕೌಟ್ಸ್ ರೂಪುಗೊಂಡಿತು. ಆ ಎತ್ತರದಲ್ಲೇ ಹುಟ್ಟಿ ಬೆಳೆದವರ ಪಡೆ ಅದು; ಬಯಲುಸೀಮೆಯಿಂದ ಬಂದ ಸೈನಿಕ ಮೊದಲು ಉಸಿರಾಟಕ್ಕೇ ಹೊಂದಿಕೊಳ್ಳಬೇಕಾದ ನೆಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಪಂಜಾಬಿನ ಬಯಲು, ಜಮ್ಮು, ಕಾಶ್ಮೀರ, ಲಡಾಖ್ ಎಲ್ಲವನ್ನೂ ಒಂದೇ ಕಮಾಂಡ್ ನೋಡಿಕೊಳ್ಳುವುದು ಕಷ್ಟವೆಂಬುದು 1965 ಮತ್ತು 1971ರ ಯುದ್ಧಗಳಲ್ಲಿ ಸ್ಪಷ್ಟವಾಯಿತು. 1972ರಲ್ಲಿ ಉತ್ತರ ಕಮಾಂಡ್ ಪ್ರತ್ಯೇಕವಾಗಿ ಉಧಂಪುರದಲ್ಲಿ ಸ್ಥಾಪನೆಯಾಯಿತು. ಅಲ್ಲಿದ್ದ 15ನೇ ಕೋರ್ ಶ್ರೀನಗರಕ್ಕೆ ಹೋಯಿತು. ಲಡಾಖ್ ಮಾತ್ರ ಶ್ರೀನಗರದ ಕೋರ್‌ಗೇ ಸೇರಿತ್ತು. 1984ರ ಏಪ್ರಿಲ್ 13ರಂದು ನಮ್ಮ ಸೇನೆ ಸಿಯಾಚಿನ್ ಹಿಮನದಿ ಏರಿದ ಮೇಲೆ ಅದರ ಹೊರೆಯೂ ಇದಕ್ಕೇ ಬಿತ್ತು. ಆ ಹಿಮನದಿಯ ಹೆಸರು ಕೇಳಿದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು 2016ರ ಫೆಬ್ರುವರಿಯಲ್ಲಿ ಆರು ದಿನ ಹಿಮದಡಿ ಹೂತಿದ್ದು ಜೀವಂತವಾಗಿ ಸಿಕ್ಕಿ, ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಬೆಟದೂರಿನ ಹನುಮಂತಪ್ಪ ಕೊಪ್ಪದ.

1990ರ ದಶಕದಲ್ಲಿ ಕಾಶ್ಮೀರ ಕಣಿವೆಯಲ್ಲಿ ಉಗ್ರವಾದ ಹೆಚ್ಚಿದಾಗ 15ನೇ ಕೋರ್‌ನ ಗಮನವೆಲ್ಲ ಅತ್ತಲೇ ಹರಿಯಿತು. ಒಳಗಿನ ಕಾರ್ಯಾಚರಣೆ, ಕಾಶ್ಮೀರದ ನಿಯಂತ್ರಣ ರೇಖೆ, ಕಾರ್ಗಿಲ್, ಸಿಯಾಚಿನ್, ಚೀನಾ ಗಡಿ, ಎಲ್ಲವೂ ಒಬ್ಬ ಕೋರ್ ಕಮಾಂಡರ್‌ನ ಮೇಜಿನ ಮೇಲೆ. 1999ರ ಮೇ ತಿಂಗಳಲ್ಲಿ ನುಸುಳುಕೋರರು ದ್ರಾಸ್, ಕಾರ್ಗಿಲ್, ಬಟಾಲಿಕ್ ಶಿಖರಗಳ ಮೇಲೆ ಕಂಡುಬಂದಾಗ ಆ ಇಡೀ ವಲಯಕ್ಕೆ ಇದ್ದದ್ದು 121ನೇ ಬ್ರಿಗೇಡ್. ಗುಪ್ತಚರ ವೈಫಲ್ಯದ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಹೊಣೆಯ ಹಂಚಿಕೆಯೂ ಅಷ್ಟೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ. ಯುದ್ಧದ ನಡುವೆ ಕಣಿವೆಯಿಂದ ಬಂದ 8ನೇ ಪರ್ವತ ಡಿವಿಷನ್ ಮತ್ತೆ ಹಿಂದಿರುಗಲಿಲ್ಲ. ಸೆಪ್ಟೆಂಬರ್ 1ರಂದು ಲೇಹ್‌ನಲ್ಲಿ 14ನೇ ಕೋರ್ ಸ್ಥಾಪನೆಯಾಯಿತು. ಕಾರ್ಗಿಲ್ ಕಡೆಗೆ 8ನೇ ಡಿವಿಷನ್, ಚೀನಾದ ಕಡೆಗೆ 3ನೇ ಡಿವಿಷನ್, ಸಿಯಾಚಿನ್‌ಗೆ ಪರ್ತಾಪುರದ 102ನೇ ಬ್ರಿಗೇಡ್. ಸ್ವಾತಂತ್ರ್ಯ ಬಂದು ಐವತ್ತೆರಡು ವರ್ಷಗಳ ನಂತರ ಲಡಾಖಿನ ಹೊಣೆ ಹೊತ್ತ ಲೆಫ್ಟಿನೆಂಟ್ ಜನರಲ್ ಲಡಾಖಿನಲ್ಲೇ ಕೂತರು.

2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ಕರ್ನಲ್ ಸಂತೋಷ್ ಬಾಬು ಸೇರಿ 20 ಯೋಧರು ಹುತಾತ್ಮರಾದ ಬಳಿಕ ಹೆಚ್ಚುವರಿ ಪಡೆಗಳು ಹರಿದುಬಂದವು. ಪಾಕಿಸ್ತಾನದ ಗಡಿಗೆಂದು ಮೀಸಲಿದ್ದ ಮಥುರಾದ 1ನೇ ಕೋರ್‌ನ ಮುಖವೂ ಉತ್ತರಕ್ಕೆ ತಿರುಗಿತು. ಅಷ್ಟು ಜನರಿಗೆ ಚಳಿಗಾಲದ ದಾಸ್ತಾನು, ಅಂದರೆ ಅಕ್ಕಿ-ಬೇಳೆ, ಸೀಮೆಎಣ್ಣೆ, ಬೆಚ್ಚನೆಯ ಬಟ್ಟೆಬರೆ, ಮದ್ದುಗುಂಡು, ದಾರಿಗಳು ಮುಚ್ಚುವ ಮುನ್ನವೇ ಮೇಲೆ ತಲುಪಬೇಕು.

ಇಷ್ಟಾದರೂ ಬಗೆಹರಿಯದ ಒಂದು ತೊಡಕಿದೆ. ಚೀನಾ ಗಡಿಯ ಕಾವಲುಠಾಣೆಗಳಲ್ಲಿರುವ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆ ಕೂಡ 1962ರ ಅಕ್ಟೋಬರ್ 24ರಂದು, ಅದೇ ಯುದ್ಧದ ನಡುವೆ ಹುಟ್ಟಿದ್ದು. ಅದು ಗೃಹ ಸಚಿವಾಲಯಕ್ಕೆ ಸೇರಿದೆ, ಸೇನೆ ರಕ್ಷಣಾ ಸಚಿವಾಲಯಕ್ಕೆ. ಪಾಕಿಸ್ತಾನದ ಕಡೆಯ ನಿಯಂತ್ರಣ ರೇಖೆಯಲ್ಲಿ ಗಡಿ ಭದ್ರತಾ ಪಡೆ ಸೇನೆಯ ಕಾರ್ಯಾಚರಣೆಯ ಹಿಡಿತದಲ್ಲಿರುವಂತೆ ಇಲ್ಲಿಯೂ ಆಗಬೇಕೆಂದು ಸೇನೆ ಹಲವು ಸಲ ಕೇಳಿದೆ. ಗೃಹ ಸಚಿವಾಲಯ ಒಪ್ಪಿಲ್ಲ. ಎದುರು ಬದಿಯಲ್ಲಿ ಚೀನಾ 2016ರಲ್ಲೇ ಭಾರತದೊಂದಿಗಿನ ಇಡೀ ಗಡಿಯನ್ನು ತನ್ನ ಪಶ್ಚಿಮ ಥಿಯೇಟರ್ ಕಮಾಂಡ್ ಒಂದಕ್ಕೇ ವಹಿಸಿಬಿಟ್ಟಿದೆ.