ರೋಗ ಕಾಣದ ಕರುವಿಗಾಗಿ ಸರ್ಕಾರದ ಹುಡುಕಾಟ

ಕಾಲುಬಾಯಿ ಜ್ವರದ ಲಸಿಕೆ ಎಷ್ಟು ಪರಿಣಾಮಕಾರಿ ಎಂಬುದನ್ನು ದನಗಳಲ್ಲೇ ಪರೀಕ್ಷಿಸಬೇಕಾದಾಗ, ಆ ರೋಗವನ್ನು ಎಂದೂ ಕಾಣದ, ಅದರ ಲಸಿಕೆಯನ್ನೂ ಪಡೆಯದ ಕರುಗಳೇ ಬೇಕಾಗುತ್ತವೆ. ರಕ್ತದಲ್ಲಿ ಮೊದಲೇ ಆ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳಿದ್ದರೆ, ಕರುವನ್ನು ಕಾಪಾಡಿದ್ದು ಹೊಸ ಲಸಿಕೆಯೋ ಹಳೆಯ ಸೋಂಕೋ ಎಂದು ತಿಳಿಯುವುದಿಲ್ಲ. ಇಂಥ ಕರುವನ್ನು ಖರೀದಿಸುವುದು ಸರ್ಕಾರಿ ಸಂಸ್ಥೆಗಳಿಗೆ ಇಂದು ಏಕೆ ಇಷ್ಟು ಕಷ್ಟವಾಗಿದೆ ಎಂಬುದಕ್ಕೆ ನೂರು ವರ್ಷಕ್ಕೂ ಮೀರಿದ ಹಿನ್ನೆಲೆಯಿದೆ.

1889ರಲ್ಲಿ ಪುಣೆಯಲ್ಲಿ ಆರಂಭವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಪ್ರಯೋಗಾಲಯವನ್ನು 1893ರಲ್ಲಿ ಕುಮಾವೂಂ ಬೆಟ್ಟಗಳ ಮುಕ್ತೇಶ್ವರಕ್ಕೆ ಸಾಗಿಸಲಾಯಿತು. ಅಪಾಯಕಾರಿ ರೋಗಾಣುಗಳನ್ನು ಊರು ಮತ್ತು ದನಗಳಿಂದ ದೂರವಿಡಬೇಕೆಂಬುದೇ ಇದಕ್ಕೆ ಮುಖ್ಯ ಕಾರಣ. ಆಗ ದೇಶದ ಹಟ್ಟಿಗಳನ್ನು ಬರಿದು ಮಾಡುತ್ತಿದ್ದುದು ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್. ಬಯಲಿನ ದನಗಳು ಅದನ್ನು ಒಂದಿಷ್ಟು ತಡೆದುಕೊಳ್ಳುತ್ತಿದ್ದರೆ ಬೆಟ್ಟದ ದನಗಳು ಬೇಗ ತುತ್ತಾಗುತ್ತಿದ್ದವು; ಹಾಗಾಗಿ ಪ್ರಯೋಗಕ್ಕೆ ಬೆಟ್ಟದ ಹೋರಿಗಳಿಗೇ ಬೇಡಿಕೆಯಿತ್ತು. ಸಂಶೋಧನೆಗೆ ಕೊಳ್ಳುವ ದನದಲ್ಲಿ ಮೈಕಟ್ಟಿಗಿಂತ ಅದರ ರೋಗಚರಿತ್ರೆಯೇ ಮುಖ್ಯ ಎಂಬ ತಿಳಿವಳಿಕೆ ಅಷ್ಟು ಹಳೆಯದು. ನಮ್ಮ ಹೆಬ್ಬಾಳದಲ್ಲೂ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿದ್ದು ದೊಡ್ಡರೋಗದ ವಿರುದ್ಧವೇ. 2006ರಲ್ಲಿ ಭಾರತವೂ 2011ರಲ್ಲಿ ಜಗತ್ತೂ ಆ ರೋಗದಿಂದ ಮುಕ್ತವಾದವು.

ಆದರೆ ಸಂತೆಯ ವ್ಯಾಪಾರಕ್ಕೆ ದನದ ಈ ರೋಗಚರಿತ್ರೆ ಬೇಕಿಲ್ಲ. ಅಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಹತ್ತಾರು ಊರುಗಳ ದನಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವ ಆ ಜಾಗ ಸೋಂಕು ಹರಡಲು ಹೇಳಿಮಾಡಿಸಿದಂತಿದೆ. ಕಂದುರೋಗವೋ (ಗರ್ಭಪಾತ ತರುವ ಬ್ರುಸೆಲ್ಲೋಸಿಸ್) ಕ್ಷಯವೋ ಇರುವ ದನ ಕಣ್ಣಿಗೆ ಗಟ್ಟಿಮುಟ್ಟಾಗಿಯೇ ಕಾಣಬಹುದು. ಕಡಿಮೆ ದರ ಕೂಗಿದವರಿಗೆ ಟೆಂಡರ್ ಎಂಬ ಸರ್ಕಾರಿ ಖರೀದಿಯ ಕ್ರಮ ಮೇಜು ಕುರ್ಚಿಗಳಿಗೆ ಸರಿಹೋಗಬಹುದು. ಜೀವವಿರುವ ದನಕ್ಕೆ ಅದೊಂದೇ ಅಳತೆಗೋಲಾಗುವುದನ್ನು ನಾನು ಒಪ್ಪಲಾರೆ.

ನಿಯಮಗಳು ಬಂದದ್ದು ನಿಧಾನವಾಗಿ. ಪ್ರಯೋಗದ ಪ್ರಾಣಿಗಳನ್ನು ಎಲ್ಲಿಂದ ತರಬೇಕು, ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ 1998ರ ನಿಯಮಗಳು ಚೌಕಟ್ಟು ಹಾಕಿದವು. ರೋಗಪೀಡಿತ ಪ್ರದೇಶದಿಂದ ಜಾನುವಾರು ಸಾಗಿಸುವುದಕ್ಕೆ 2009ರ ಕಾಯ್ದೆ ಕಡಿವಾಣ ಹಾಕಿತು. ವೀರ್ಯ ಉತ್ಪಾದನಾ ಕೇಂದ್ರಗಳ ಶಿಸ್ತು ಇನ್ನೂ ಬಿಗಿಯಾದುದು: ಹೊಸ ಹೋರಿಯನ್ನು 60 ದಿನ ಪ್ರತ್ಯೇಕ ಕೊಟ್ಟಿಗೆಯಲ್ಲಿರಿಸಿ, ಕ್ಷಯ, ಕಂದುರೋಗ ಮುಂತಾದವುಗಳ ಪರೀಕ್ಷೆ ಮುಗಿದ ಮೇಲಷ್ಟೇ ಹಿಂಡಿಗೆ ಸೇರಿಸಿಕೊಳ್ಳುತ್ತಾರೆ.

2019ರಲ್ಲಿ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಟ್ಟಿಹಟ್ಟಿಗೂ ತಲುಪತೊಡಗಿತು. ರೈತರಿಗೆ ಇದು ನಿಜಕ್ಕೂ ದೊಡ್ಡ ಆಸರೆ. ಸಂಶೋಧಕರಿಗೆ ಮಾತ್ರ ಹುಡುಕಾಟ ಇನ್ನಷ್ಟು ಕಷ್ಟವಾಯಿತು. ಲಸಿಕೆ ಪಡೆದ ಹಸುವಿನ ಗಿಣ್ಣುಹಾಲು ಕುಡಿದ ಕರುವಿಗೆ ತಾಯಿಯ ಪ್ರತಿಕಾಯಗಳು ಬಂದಿರುತ್ತವೆ. ಅವು ಕರಗುವ ಹೊತ್ತಿಗೆ, ಸುಮಾರು ನಾಲ್ಕು ತಿಂಗಳಿಗೆ, ಕರುವಿಗೇ ಮೊದಲ ಲಸಿಕೆಯ ಸರದಿ. ಈ ಕಿರಿದಾದ ಸಂದಿಯಲ್ಲೇ ಕರುವನ್ನು ಗುರುತಿಸಿ, ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯಿಂದ ಅದರ ದಾಖಲೆ ತೆಗೆದು, ರಕ್ತ ಪರೀಕ್ಷಿಸಿ, ಬೇರೆ ದನಗಳ ಸೋಂಕು ತಗಲದಂತೆ ಸಾಗಿಸಬೇಕು.

ಹೀಗಾಗಿ ಸಂತೆಗೆ ಹೋಗುವ ಬದಲು ದಾಖಲೆ ಸರಿಯಿರುವ ಹಟ್ಟಿಗೇ ಹೋಗಿ ಕೊಳ್ಳುವುದು, ರಕ್ತದ ಮಾದರಿಯನ್ನು ಅಲ್ಲೇ ತೆಗೆಯುವುದು ಮೇಲು. ಫಲಿತಾಂಶ ಬರುವವರೆಗೆ ಆ ಕರುವನ್ನು ಬೇರೆ ಕಟ್ಟಿ ಸಾಕುವ ಮೇವಿನ ಖರ್ಚು, ಕೊನೆಗೆ ಅದು ತಿರಸ್ಕೃತವಾದರೂ, ರೈತನ ತಲೆಯ ಮೇಲೆ ಬೀಳಬಾರದು. ಖರೀದಿಯ ಕರಾರಿನಲ್ಲೇ ಅದನ್ನು ಬರೆದಿಡಬೇಕು.